ಬದುವಿನ ಜಗಳಕ್ಕೆ ಬೆಂಗಳೂರಿಗೆ ಓಡಬೇಡಿ

ಮಾನ್ಯ ಸಂಪಾದಕರೇ,

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಕೋರ್ಟು ಅಂದ್ರೆ ನಮ್ಮಂಥವರಿಗೆ ಮೊದಲು ಬರುವುದೇ ಭಯ. ಆ ಭಯದಲ್ಲಿ ನಮ್ಮ ಮನೆಯಲ್ಲಿ ಆದ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಅಂತ ಈ ಪತ್ರ ಬರೆಯುತ್ತಿದ್ದೇನೆ.

ತೆಂಗಿನ ತೋಟದ ಬದುವಿನ ವಿಚಾರ ಅದು. ನಮ್ಮಪ್ಪ ಎರಡು ಗುಂಟೆ ಒತ್ತುವರಿ ಮಾಡಿದ್ದಾರೆ ಅಂತ ಪಕ್ಕದ ಜಮೀನಿನವರು ದಾವೆ ಹಾಕಿದರು. ಅಮೀನರು ಸಮನ್ಸ್ ತಂದು ಕೊಟ್ಟಾಗ ಅಪ್ಪ ಸಹಿ ಮಾಡಿ, ಕಾಗದ ಮಡಚಿ ದೇವರ ಫೋಟೋ ಹಿಂದೆ ಇಟ್ಟರು. ಹನ್ನೆರಡು ದಿನ ಅದು ಅಲ್ಲೇ ಇತ್ತು. ಆಮೇಲೆ ನೆಂಟರೊಬ್ಬರ ಮಾತು ಕೇಳಿ ಬೆಂಗಳೂರಿನ ವಕೀಲರನ್ನು ಹಿಡಿದೆವು. 40 ಸಾವಿರ ಕೊಟ್ಟೆವು, ರಸೀದಿ ಕೇಳಲಿಲ್ಲ, ಅಷ್ಟು ದುಡ್ಡಿಗೆ ಏನೇನು ಮಾಡುತ್ತಾರೆ ಅಂತಲೂ ಕೇಳಲಿಲ್ಲ. ಎರಡು ವಾಯಿದೆಗೆ ಅವರ ಜೂನಿಯರ್ ಬಂದರು. ಮೂರನೆಯದಕ್ಕೆ ಯಾರೂ ಬರಲಿಲ್ಲ. ಕೈಫಿಯತ್ತು, ಅಂದ್ರೆ ದಾವೆಗೆ ನಾವು ಕೊಡಬೇಕಾದ ಉತ್ತರ, ಸಮನ್ಸ್ ಮುಟ್ಟಿದ 30 ದಿನದೊಳಗೆ ಹಾಕಬೇಕು, ಕಾರಣ ಹೇಳಿ ಕೋರ್ಟು ಒಪ್ಪಿದರೆ 90 ದಿನದವರೆಗೆ ಹೋಗಬಹುದು. ನಮ್ಮದು ಎರಡೂ ದಾಟಿತ್ತು. ಫೋನ್ ಮಾಡಿದಾಗಲೆಲ್ಲ ‘ನೋಡ್ತಾ ಇದೀವಿ’ ಅನ್ನುತ್ತಿದ್ದರು. ಕೇಸು ಎಕ್ಸ್‌ಪಾರ್ಟಿ ಆಗಿದೆ, ಅಂದ್ರೆ ನಾವು ಹಾಜರಾಗಲಿಲ್ಲ ಅಂತ ನಮ್ಮನ್ನು ಬಿಟ್ಟೇ ಕೇಸು ನಡೆಸಲು ಆದೇಶ ಆಗಿದೆ ಅಂತ ನಮಗೆ ತಿಳಿದಿದ್ದು ಅಕ್ಕನ ಮಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ನೋಡಿದಾಗ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಮಾರನೇ ದಿನ ತಾಲ್ಲೂಕು ಕೋರ್ಟಿನ ಎದುರಿಗೇ, ಜೆರಾಕ್ಸ್ ಅಂಗಡಿಯ ಮೇಲೆ ಕೂರುವ ವಕೀಲರೊಬ್ಬರ ಹತ್ತಿರ ಹೋದೆವು. ಒಂದು ಟೇಬಲ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆ ತುಂಬ ಲಾಡಿ ಕಟ್ಟಿದ ಫೈಲು. ನಾವು ಕಾಗದ ಬಿಚ್ಚುವ ಮೊದಲೇ ಅವರು ಕೈ ಎತ್ತಿ ತಡೆದರು. ‘ಎದುರು ಪಾರ್ಟಿ ಯಾರು, ಅದನ್ನ ಮೊದಲು ಹೇಳಿ ಯಜಮಾನ್ರೇ. ಅವರ ಕೆಲಸ ನಾನು ಹಿಂದೆ ಮಾಡಿದ್ರೆ ನಿಮ್ಮ ಮಾತು ಕೇಳಿಸಿಕೊಳ್ಳೋದೇ ತಪ್ಪು’ ಅಂದರು. ಹೆಸರು ಕೇಳಿ, ಹಳೇ ಡೈರಿಗಳನ್ನು ತಿರುವಿ ನೋಡಿ, ಆಮೇಲೆಯೇ ಪಹಣಿ ಕೈಗೆ ತಗೊಂಡರು. ಇದನ್ನು ಜಾಸ್ತಿ ಒತ್ತಿ ಹೇಳುತ್ತಿದ್ದೇನೆ, ಯಾಕಂದ್ರೆ ಸಣ್ಣ ಊರಿನಲ್ಲಿ ಇದೇ ಮುಖ್ಯ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನಿಮ್ಮ ಎದುರಾಳಿಯ ಕ್ರಯಪತ್ರ ಬರೆದವರೂ ಅವರೇ ಆಗಿರಬಹುದು, ಆತನ ತಮ್ಮನ ಕೇಸು ನಡೆಸುತ್ತಿರುವವರೂ ಅವರೇ ಇರಬಹುದು. ಅವರು ಕೇಳದಿದ್ದರೆ ನೀವೇ ಕೇಳಿ, ಸಂಕೋಚ ಬೇಡ.

ಅವರು ಅರ್ಜಿ ಹಾಕಿ ಎಕ್ಸ್‌ಪಾರ್ಟಿ ಆದೇಶ ತೆಗೆಸಿದರು. ಕೋರ್ಟು ನಮಗೆ ಖರ್ಚು ಹಾಕಿ ಕೈಫಿಯತ್ತು ತಗೊಂಡಿತು. ಮುಂದಿನದೇ ದೊಡ್ಡದು. ಅಳತೆ ಆಗದೆ ಈ ಕೇಸು ವರ್ಷಗಟ್ಟಲೆ ಎಳೆಯುತ್ತೆ ಅಂತ ಹೇಳಿ, ಸರ್ವೇಯರ್‌ರನ್ನು ಕೋರ್ಟ್ ಕಮಿಷನರ್ ಆಗಿ, ಅಂದ್ರೆ ಕೋರ್ಟಿನ ಪರವಾಗಿ ಜಾಗ ನೋಡಿ ವರದಿ ಕೊಡುವವರಾಗಿ, ನೇಮಿಸಲು ಇನ್ನೊಂದು ಅರ್ಜಿ ಹಾಕಿದರು. ಅಳತೆಯ ದಿನ ತಾವೇ ಬೈಕಿನಲ್ಲಿ ತೋಟಕ್ಕೆ ಬಂದು ಮಧ್ಯಾಹ್ನದವರೆಗೆ ನಿಂತಿದ್ದರು. ಹಳೇ ಬಾಂದು ಕಲ್ಲು ಲಂಟಾನ ಪೊದೆಯ ಬುಡದಲ್ಲಿ ಸಿಕ್ಕಿತು. ಎರಡು ಗುಂಟೆ ಏನಿಲ್ಲ, ಒಂದು ಸಾಲು ತೆಂಗಿನ ಮರ ಅತ್ತಿತ್ತ ಆಗಿತ್ತು ಅಷ್ಟೇ. ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಈಗ ಎರಡೂ ಮನೆಯವರು ಮಾತಾಡುತ್ತೇವೆ.

ಎಲ್ಲ ಥರದ ಕೇಸು ನೋಡುವ ತಾಲ್ಲೂಕು ವಕೀಲರಿಗೆ ಯಾವುದೂ ಸರಿಯಾಗಿ ಬರಲ್ಲ ಅಂತ ನಮ್ಮ ಕಡೆ ಒಂದು ಮಾತಿದೆ. ನಾನು ಒಪ್ಪಲ್ಲ. ನಮ್ಮ ಜಗಳಗಳು ಒಂದೇ ಕಚೇರಿಯಲ್ಲಿ ಮುಗಿಯುವುದೂ ಇಲ್ಲ ಅಲ್ವಾ? ಪಹಣಿ ತಿದ್ದುಪಡಿಗೆ ತಹಶೀಲ್ದಾರ್ ಕಚೇರಿ, ಮೇಲ್ಮನವಿಗೆ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟು, ಪಾಲಿಗೆ ಸಿವಿಲ್ ಕೋರ್ಟು, ನಡುವೆ ಹೊಡೆದಾಟ ಆದರೆ ಪೊಲೀಸ್ ಸ್ಟೇಷನ್ನು. ಇಷ್ಟೂ ಕಡೆ ದಿನಾ ಓಡಾಡುವವರಿಗೆ ತಿಳಿಯುವುದು ದೂರದ ಊರಿನಲ್ಲಿ ಕೂತವರಿಗೆ ಹೇಗೆ ತಿಳಿಯುತ್ತೆ? ಹೈಕೋರ್ಟಿನ ರಿಟ್ ಅರ್ಜಿಗೋ ದೊಡ್ಡ ಕ್ರಿಮಿನಲ್ ಕೇಸಿಗೋ ಬೇರೆಯವರು ಬೇಕಾಗಬಹುದು. ಅದನ್ನು ಒಳ್ಳೆಯ ವಕೀಲರು ತಾವೇ ಬಾಯಿಬಿಟ್ಟು ಹೇಳುತ್ತಾರೆ.

ಇನ್ನು ಫೀಸು. ವಕಾಲತ್ತಿಗೆ, ಅಂದ್ರೆ ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವ ದಿನವೇ ಮಾತಾಡಿಕೊಳ್ಳಿ. ಇಡೀ ಕೇಸಿಗೆ ಎಷ್ಟು, ಅಥವಾ ವಾಯಿದೆಗೆ ಎಷ್ಟು, ಕೋರ್ಟ್ ಫೀ, ಟೈಪಿಂಗು, ನಕಲು ತೆಗೆಸುವ ಖರ್ಚು ಅದರೊಳಗೇ ಸೇರುತ್ತಾ ಅಂತ ಕೇಳಿ ಬರೆಸಿಕೊಳ್ಳಿ. ಕೊಟ್ಟ ದುಡ್ಡಿಗೆ ಲೆಕ್ಕ ಇಡಬೇಕು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಅಂತ ಮಾತಾಡಿಕೊಳ್ಳುವುದಕ್ಕೂ ಆ ನಿಯಮದಲ್ಲಿ ಅವಕಾಶ ಇಲ್ಲ. ಖಾಲಿ ಹಾಳೆಗೆ ಸಹಿ ಮಾಡಲೇಬೇಡಿ. ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡು ಸಹಿ ಮಾಡಿ. ವಕೀಲರನ್ನು ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಹಳೇ ವಕೀಲರಿಂದ ನೋ ಅಬ್ಜೆಕ್ಷನ್, ಅಂದ್ರೆ ತಕರಾರಿಲ್ಲ ಅನ್ನುವ ಒಪ್ಪಿಗೆ, ತಗೋತಾರೆ. ನಮ್ಮ ಬೆಂಗಳೂರಿನವರು ಬಾಕಿ ಕೊಡದೆ ಫೈಲು ಕೊಡಲ್ಲ ಅಂತ ಹದಿನೈದು ದಿನ ಸತಾಯಿಸಿದರು. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಅದು ಆಗ ಗೊತ್ತಿದ್ದರೆ ಅಪ್ಪ ಸಾಲ ಮಾಡುತ್ತಿರಲಿಲ್ಲ.

ತಡ ಮಾಡಬೇಡಿ ಅನ್ನುವುದು ಇನ್ನೊಂದು. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ‘ಕೊಡ್ತಾನೆ ಬಿಡು’ ಅಂತ ಸುಮ್ನೆ ಕೂತು ಆ ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ದುಡ್ಡಿಲ್ಲ ಅಂತಲೂ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, 1987ರ ಕಾಯ್ದೆಯಲ್ಲೇ ಹಾಗೆ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲ 15100ಕ್ಕೆ ಫೋನ್ ಮಾಡಿ. ನಮ್ಮೂರಲ್ಲಿ ಇದು ಗೊತ್ತಿಲ್ಲದ ವಿಧವೆಯರು ಪಾಲು ಕೇಳುವುದನ್ನೇ ಬಿಟ್ಟಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ತಾಲ್ಲೂಕು ವಕೀಲರ ಸಂಘಗಳಿಗೆ ನನ್ನದೊಂದು ವಿನಂತಿ. ವಕಾಲತ್ತು ತಗೊಳ್ಳುವಾಗ ಕಕ್ಷಿದಾರರಿಗೆ ಅರ್ಧ ಹಾಳೆಯ ಒಂದು ಚೀಟಿ ಕೊಡಿ, ಕನ್ನಡದಲ್ಲಿ. ಕೇಸ್ ನಂಬರ್, ಒಪ್ಪಿದ ಫೀಸು, ಕೊಟ್ಟ ದುಡ್ಡು, ಮುಂದಿನ ವಾಯಿದೆ, ಇಷ್ಟಿದ್ದರೆ ಸಾಕು. ನಮ್ಮ ವಕೀಲರು ಅಪ್ಪನಿಗೆ ಹಾಗೆ ಬರೆದು ಕೊಟ್ಟಿದ್ದರು. ಅಪ್ಪ ಅದನ್ನು ಕೇಸು ಮುಗಿಯುವವರೆಗೂ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದರು.

ಇಂತಿ,
ಒಬ್ಬ ಓದುಗ, ಹಾಸನ ಜಿಲ್ಲೆ