ಕಾರ್ಟರ್ ರಸ್ತೆಯ ಬಂಡೆಗಳ ಮೇಲೆ ನೆರವಾದ ತಾಯಿಗೆ ವಂದನೆ

ಹುಣ್ಣಿಮೆಯ ಮರುದಿನ ಸಮುದ್ರವು ಬಹಳ ಹಿಂದೆ ಸರಿದಿದ್ದ ಹೊತ್ತಿನಲ್ಲಿ, ಮುಂಬಯಿಯ ಮಾಟುಂಗಾದ ನಾವು ಕೆಲವು ಕನ್ನಡ ಕುಟುಂಬದವರು ಬಾಂದ್ರಾದ ಕಾರ್ಟರ್ ರಸ್ತೆಯ ಬಂಡೆಗಳಿಗಿಳಿದು, ಕುಳಿಗಳಲ್ಲಿ ನಿಂತ ನೀರಿನಲ್ಲಿ ಸನ್ಯಾಸಿ ಏಡಿಗಳನ್ನೂ ಸಣ್ಣ ಮೀನುಗಳನ್ನೂ ನೋಡುತ್ತಿದ್ದೆವು. ಅಮ್ಮ ಪಾಚಿಯ ಮೇಲೆ ಜಾರಿ, ಬಂಡೆಗಂಟಿದ ಸಿಂಪಿಯ ಅಂಚಿಗೆ ಅಂಗಾಲು ಸೀಳಿಕೊಂಡಾಗ ಸಮುದ್ರದ ಉಬ್ಬರವು ಆಗಲೇ ಆರಂಭವಾಗಿತ್ತು. ದಡದ ಕಡೆಯ ತಗ್ಗುಗಳಲ್ಲಿ ನೀರು ತುಂಬುತ್ತಿದ್ದು, ಬಂದ ದಾರಿಯೇ ಕಾಣದಾಯಿತು.

ಅಲ್ಲಿಯೇ ಸಿಂಪಿ ಕೆತ್ತುತ್ತಿದ್ದ ಹಿರಿಯ ಮೀನುಗಾರ ಮಹಿಳೆಯೊಬ್ಬರು ಬುಟ್ಟಿಯನ್ನು ಬಿಟ್ಟು ಬಂದು, ತಾವು ಕುಡಿಯಲು ತಂದಿದ್ದ ನೀರಿನಿಂದ ಗಾಯವನ್ನು ತೊಳೆದು, ಒಳಗುಳಿದಿದ್ದ ಚಿಪ್ಪಿನ ಚೂರನ್ನು ಉಗುರಿನಿಂದ ಮೆಲ್ಲಗೆ ಎತ್ತಿ, ತಲೆಯ ವಸ್ತ್ರವನ್ನೇ ಕಟ್ಟಿದರು. ಹಸಿರು ಕಂಡಲ್ಲಿ ಕಾಲಿಡಬೇಡಿ, ಬಿಳಿಯ ಬಾರ್ನಕಲ್‌ಗಳಿಂದ (ಕಲ್ಲಿಗಂಟಿ ಬದುಕುವ ಸಣ್ಣ ಚಿಪ್ಪುಜೀವಿಗಳಿಂದ) ಒರಟಾದ ಕಲ್ಲು ಜಾರುವುದಿಲ್ಲ ಎಂದು ಮರಾಠಿಯಲ್ಲಿ ಹೇಳುತ್ತಾ, ಪ್ರತಿ ಕಲ್ಲನ್ನೂ ತಮ್ಮ ಕಬ್ಬಿಣದ ಉಳಿಯಿಂದ ತಟ್ಟಿ ತೋರಿಸಿದರು. ನಡುವೆ ಮಗುವೊಂದು ಚಿತ್ತಾರದ ಶಂಕುವಿನಾಕಾರದ ಬಸವನಹುಳುವಿಗೆ ಕೈಚಾಚಿದಾಗ ತಡೆದರು. ಅಂಥವು ವಿಷದ ಹಲ್ಲಿನಿಂದ ಚುಚ್ಚುವುದರಿಂದ, ಆ ತಡೆ ನನಗೆ ಬಹಳ ದೊಡ್ಡದು.

ಅಮ್ಮ ಮೆಟ್ಟಿಲು ಹತ್ತಿದಾಗ ನನ್ನ ಎದೆ ಹಗುರವಾಯಿತು. ಹಣವನ್ನು ನಿರಾಕರಿಸಿ, ನೀರೇರುವ ಮೊದಲು ಬುಟ್ಟಿ ತರಲು ಅವರು ಹೊರಟುಬಿಟ್ಟರು. ಅಮ್ಮನ ಗಾಯ ಈಗ ಮಾಗಿದೆ. ಆ ತಾಯಿಗೆ ನಮ್ಮೆಲ್ಲರ ಹೃತ್ಪೂರ್ವಕ ಧನ್ಯವಾದಗಳು.