ಹುಟ್ಟಿದವರೆಷ್ಟು, ಉಳಿದವರೆಷ್ಟು

ಮಾನ್ಯ ಸಂಪಾದಕರೇ,

ದಕ್ಷಿಣದ ರಾಜ್ಯಗಳ ಜನ ಇನ್ನಷ್ಟು ಮಕ್ಕಳನ್ನು ಹೆರಬೇಕು ಎಂಬ ಉಪದೇಶ ಮತ್ತೆ ಮತ್ತೆ ಕೇಳಿಬರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಇದನ್ನು ಬಹಿರಂಗವಾಗಿಯೇ ಹೇಳಿದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನೂ ಆ ರಾಜ್ಯ ತೆಗೆದುಹಾಕಿತು. ಈಗ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಊಟದ ಪಂಕ್ತಿಗೆ ಕೂತರೂ ಅದೇ ಮಾತು. ಹೆರಬೇಕಾದವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಾರೆ.

ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತನಾದವನು. 1991, 2001, 2011ರ ಜನಗಣತಿಗಳಿಗೆ ಚೀಲ ಹೆಗಲಿಗೇರಿಸಿ, ತೋಟಗಳ ನಡುವೆ ದೂರ ದೂರ ಇರುವ ಒಂಟಿ ಮನೆಗಳನ್ನು ಸುತ್ತಿದ್ದೇನೆ. ಮದುವೆಯಾದ ಹೆಂಗಸರಿಗೆ ಕೇಳಬೇಕಾದ ಎರಡು ಪ್ರಶ್ನೆ ಅದರಲ್ಲಿದ್ದವು: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು. 1991ರಲ್ಲಿ ಒಂದು ಮನೆಯ ಜಗಲಿಯಲ್ಲಿ ಕೂತು ಅಜ್ಜಿಯೊಬ್ಬರಿಗೆ ಕೇಳಿದೆ. "ಹೆತ್ತಿದ್ದು ಒಂಬತ್ತು ಮೇಷ್ಟ್ರೇ, ಉಳ್ಕಂಡಿದ್ದು ಐದು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದೋವ್ರ ಹೆಸ್ರೂ ಬರ್ಕತೀರಾ?" ಎಂದು ಕೇಳಿದರು. ಅದಕ್ಕೆ ಜಾಗವಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆಯ ಉತ್ತರ ಒಂದೇ ಉಸಿರಿನದು: ಇಬ್ಬರು, ಇಬ್ಬರೂ ಇದ್ದಾರೆ. 2011ರಲ್ಲಿ ಅದೇ ಮನೆಗೆ ಹೋದಾಗ ಅಜ್ಜಿ ಇರಲಿಲ್ಲ. ಆ ಸೊಸೆಯ ಮಕ್ಕಳಿಬ್ಬರೂ ಬೆಂಗಳೂರಲ್ಲಿ, ಮೊಮ್ಮಗಳು ಒಬ್ಬಳೇ. ಮನೆಯ ಸದಸ್ಯರ ಪಟ್ಟಿ ಗಂಡ ಹೆಂಡತಿ ಎಂಬ ಎರಡು ಸಾಲಿಗೆ ಮುಗಿಯಿತು.

ದೇಶ ದೇಶಗಳ ಜನಸಂಖ್ಯೆ ಹೇಗೆ ಬದಲಾಗುತ್ತದೆ ಎಂದು ಪಂಡಿತರು ಬರೆದದ್ದನ್ನೆಲ್ಲ ಆಮೇಲೆ ಓದಿದೆ. ಆ ಜಗಲಿಯಲ್ಲಿ ಕಂಡದ್ದೇ ಅಲ್ಲೂ ಇತ್ತು. ಮೊದಲು ಸಾವು ಇಳಿಯುತ್ತದೆ. ಹುಟ್ಟು ಇಳಿಯುವುದು ಒಂದು ತಲೆಮಾರು ತಡವಾಗಿ. ನಡುವಿನ ಆ ಅಂತರದಲ್ಲೇ ಜನ ಉಕ್ಕುವುದು. ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಗೋಡೆಗಳಿಗೆ ಸೊಳ್ಳೆ ಕೊಲ್ಲುವ ಡಿಡಿಟಿ ಬಿತ್ತು, ಸಿಡುಬಿನ ಚುಚ್ಚುಮದ್ದು ಊರೂರಿಗೆ ಬಂತು. ಮಕ್ಕಳು ಉಳಿಯತೊಡಗಿದರು. ಆದರೆ 'ಮಕ್ಕಳಿರಲವ್ವ ಮನೆ ತುಂಬ' ಎಂಬ ಹಾರೈಕೆ ಅಷ್ಟು ಬೇಗ ಬದಲಾಗಲಿಲ್ಲ. 1951ರಲ್ಲಿ 36 ಕೋಟಿಯಿದ್ದ ದೇಶ 2011ಕ್ಕೆ 121 ಕೋಟಿ ಆದದ್ದು ಹೀಗೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶಿಸಿತ್ತು. ಆದರೂ ಮನೆಗಳಲ್ಲಿ ಮಕ್ಕಳು ಕಡಿಮೆಯಾಗಲು ಇನ್ನೂ ಎರಡು ತಲೆಮಾರು ಹಿಡಿಯಿತು. ಹುಟ್ಟಿದ್ದು ಉಳಿಯುತ್ತದೆ ಎಂಬ ಧೈರ್ಯ ತಾಯಿಗೆ ಬರಬೇಕಿತ್ತು.

ಹಾಗಾದರೆ ದುಡ್ಡು ಬಂದರೆ ಮಕ್ಕಳು ಕಡಿಮೆಯಾಗುತ್ತವೆಯೇ? ಪೂರ್ತಿ ನಿಜವಲ್ಲ. ಕೇರಳ ಶ್ರೀಮಂತ ರಾಜ್ಯವೇನೂ ಆಗಿರದಿದ್ದ 1980ರ ದಶಕದ ಕೊನೆಗೇ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳ ಮಟ್ಟಕ್ಕೆ ಬಂದಿತ್ತು. ಅಲ್ಲಿ ಹೆಣ್ಣುಮಕ್ಕಳು ಓದಿದ್ದರು, ಊರ ಹತ್ತಿರ ಆಸ್ಪತ್ರೆ ಇತ್ತು. ನಮ್ಮಲ್ಲೂ ಅಷ್ಟೇ. ಹಿಂದೆ ಹತ್ತು ವರ್ಷದ ಹುಡುಗ ದನ ಕಾಯುತ್ತಿದ್ದ, ತೋಟದಲ್ಲಿ ಉದುರಿದ ಕಾಫಿ ಹಣ್ಣು ಹೆಕ್ಕುತ್ತಿದ್ದ. ಮಗು ಎಂದರೆ ಇನ್ನೊಂದು ಜೊತೆ ಕೈ. ಈಗ ಕಾನ್ವೆಂಟು, ವ್ಯಾನು, ಟ್ಯೂಷನ್ನು, ಎಸ್ಸೆಸ್ಸೆಲ್ಸಿ ಮುಗಿದರೆ ಮೂಡುಬಿದಿರೆಯ ಹಾಸ್ಟೆಲ್ಲು. ಈ ಲೆಕ್ಕವನ್ನು ಯಾವ ಸರ್ಕಾರವೂ ಹೇಳಿಕೊಡಲಿಲ್ಲ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸಿಗೆ ಸರಾಸರಿ ಸುಮಾರು 2.9 ಮಕ್ಕಳಿದ್ದರೆ, 2019-21ರಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು.

1974ರಲ್ಲಿ ಬುಖಾರೆಸ್ಟ್‌ನ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ನಮ್ಮ ಆರೋಗ್ಯ ಸಚಿವ ಕರಣ್ ಸಿಂಗ್, ಅಭಿವೃದ್ಧಿಯೇ ಒಳ್ಳೆಯ ಗರ್ಭನಿರೋಧಕ ಎಂದಿದ್ದರು. ಅವರೇ ಸಚಿವರಾಗಿದ್ದಾಗ ತುರ್ತುಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಆ ಸಿಟ್ಟಿಗೂ ಸೇರಿ 1977ರಲ್ಲಿ ಉತ್ತರ ಭಾರತದ ಜನ ಇಂದಿರಾ ಗಾಂಧಿಯವರನ್ನು ಸೋಲಿಸಿದರು, ಮರುವರ್ಷ ಅವರನ್ನು ಲೋಕಸಭೆಗೆ ಕಳಿಸಿದ್ದು ನಮ್ಮ ಚಿಕ್ಕಮಗಳೂರು! ಹೆರಬೇಡ ಎಂದು ಹೆದರಿಸಿದರೂ ಕೇಳದ ಜನ ಹೆರು ಎಂದರೆ ಕೇಳುತ್ತಾರೆಯೇ? ದಕ್ಷಿಣ ಕೊರಿಯಾದಲ್ಲಿ 1960ರ ಸುಮಾರಿಗೆ ಹೆಂಗಸಿಗೆ ಸರಾಸರಿ ಆರು ಮಕ್ಕಳಿದ್ದವು, 2023ರಲ್ಲಿ 0.72. ಅದನ್ನು ಮೇಲೆತ್ತಲು ಆ ಸರ್ಕಾರ ಸುರಿದ ಹಣ ನಮ್ಮ ಲೆಕ್ಕದಲ್ಲಿ ಲಕ್ಷಾಂತರ ಕೋಟಿ ರೂಪಾಯಿ. ಚೀನಾ ಒಂದೇ ಮಗುವಿನ ಕಟ್ಟಳೆಯನ್ನು 2016ರಿಂದ ಸಡಿಲಿಸಿತು. 2022ರಲ್ಲಿ ಅಲ್ಲಿನ ಜನಸಂಖ್ಯೆ ಇಳಿಯತೊಡಗಿತು.

ಜನಸಂಖ್ಯೆಯ ಲೆಕ್ಕದಲ್ಲಿ ಹಂಚಿದರೆ ದಕ್ಷಿಣಕ್ಕೆ ಲೋಕಸಭೆಯ ಸೀಟು ಕಡಿಮೆಯಾದೀತು ಎಂಬ ಭಯ ಸುಳ್ಳಲ್ಲ. ಆದರೆ ಇಂದು ಹುಟ್ಟಿದ ಮಗು ಓಟು ಹಾಕುವುದು 18 ವರ್ಷ ಕಳೆದ ಮೇಲೆ, ಅದೂ ಬಹುಶಃ ಬೆಂಗಳೂರಿನಲ್ಲಿ. ಅದು ಬೇರೆಯೇ ಜಗಳ, ಡೆಲ್ಲಿಯಲ್ಲಿ ಆಡಬೇಕಾದ್ದು. ಹೆರಿಗೆ ವಾರ್ಡಿಗೆ ಅದನ್ನು ತರಬೇಡಿ.

ನನ್ನನ್ನು ಕಾಡುವುದು ಬೇರೆ. 2001ರಲ್ಲಿ ಸುಮಾರು 11.41 ಲಕ್ಷವಿದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ಕ್ಕೆ 11.38 ಲಕ್ಷಕ್ಕೆ ಇಳಿಯಿತು. ರಾಜ್ಯವೇ ಶೇ 15.6ರಷ್ಟು ಬೆಳೆದ ದಶಕದಲ್ಲಿ ಇಳಿದ ಜಿಲ್ಲೆ ಇದೊಂದೇ. ಪಕ್ಕದ ಹಾಸನ ಬೆಳೆದದ್ದು ಶೇ 3ರ ಆಸುಪಾಸು. ಹುಟ್ಟು ಕಡಿಮೆಯಾದದ್ದರ ಜೊತೆಗೆ, ಹುಟ್ಟಿದವರು ಬಸ್ಸು ಹತ್ತಿದ್ದೂ ಇದಕ್ಕೆ ಕಾರಣ. ಊರಲ್ಲಿ ಉಳಿದವರು ವಯಸ್ಸಾದವರು. ಫ್ರಾನ್ಸಿನಲ್ಲಿ 65 ದಾಟಿದವರ ಪಾಲು ಶೇ 7ರಿಂದ ಶೇ 14ಕ್ಕೆ ಏರಲು ನೂರು ವರ್ಷಕ್ಕೂ ಮಿಗಿಲು ಬೇಕಾಯಿತು, ಜಪಾನಿಗೆ 24, ಕೊರಿಯಾಕ್ಕೆ 18 ವರ್ಷ ಸಾಕಾಯಿತು. ಅವರಿಗೆಲ್ಲ ಪಿಂಚಣಿ, ವಿಮೆ ಅಂತ ಏನೋ ಒಂದು ಕೈಗೆ ಸಿಕ್ಕಿತ್ತು. ನಮ್ಮ ಒಂಟಿ ಮನೆಗಳಲ್ಲಿ ರಾತ್ರಿ ಎದೆನೋವು ಬಂದ ಮುದುಕರಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇನ್ನಷ್ಟು ಹೆರಿ ಎನ್ನುವವರು ಆಂಬುಲೆನ್ಸ್ ಬರುವ ರಸ್ತೆಯನ್ನು ಮೊದಲು ಮಾಡಿಸಲಿ.

ತೋಟಗಳೇನೂ ಖಾಲಿ ಬಿದ್ದಿಲ್ಲ. ಒಂದು ಕಾಲಕ್ಕೆ ಘಟ್ಟದ ಕೆಳಗಿನವರೂ ತಮಿಳರೂ ಇದ್ದ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಈಗ ಅಸ್ಸಾಂ, ಜಾರ್ಖಂಡ್, ಬಂಗಾಳದವರಿದ್ದಾರೆ. ನಾನು ಪಾಠ ಹೇಳಿದ ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳು, ಅದರಲ್ಲಿ ಏಳು ಆ ಲೈನ್ ಮನೆಗಳವು. ಕನ್ನಡ ಕಾಗುಣಿತ ಸೊಗಸಾಗಿ ಹೇಳುತ್ತವೆ. ನಮ್ಮ ಜಿಲ್ಲೆಯ ಮುಂದಿನ ಮಕ್ಕಳು ಬೇಕೆಂದರೆ ಅಲ್ಲಿದ್ದಾರೆ. ರೇಷನ್ ಕಾರ್ಡು, ಅಂಗನವಾಡಿ, ಲಸಿಕೆಯ ಪಟ್ಟಿಗಳಲ್ಲಿ ಮಾತ್ರ ಅವರು ಸಿಗುವುದು ಕಷ್ಟ.

2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಬಂದು ನಿಂತಿದೆ, ಲೆಕ್ಕಕ್ಕೆ ಆಧಾರದ ದಿನ ಮಾರ್ಚ್ 1. ಕಳೆದ ಸಲದಂತೆ ಫೆಬ್ರವರಿಯಲ್ಲೇ ಮನೆ ಸುತ್ತುವುದಾದರೆ ಗಣತಿಗೆ ಹೋಗುವ ಕಿರಿಯ ಮೇಷ್ಟ್ರುಗಳಿಗೆ ಒಂದು ಮಾತು. ಆಗ ರೋಬಸ್ಟಾ ಕೊಯ್ಲು ಮುಗಿದಿರುವುದಿಲ್ಲ. ಹಗಲು ಹೋದರೆ ಲೈನ್ ಮನೆಗಳಿಗೆ ಬೀಗ ಇರುತ್ತದೆ, ಖಾಲಿ ಎಂದು ಬರೆದು ಬಂದುಬಿಡಬೇಡಿ. ಸಂಜೆ ಆರರ ಮೇಲೆ ಹೋಗಿ, ಟಾರ್ಚ್ ಇರಲಿ, ತೋಟದ ಲೆಕ್ಕ ಬರೆಯುವ, ಹಿಂದಿ ಬರುವ ರೈಟರನ್ನು ಜೊತೆಗೆ ಕರೆದುಕೊಳ್ಳಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ