ಪಿಸ್ತೂಲಿನ ಕೆಲಸಕ್ಕೆ ದುಡ್ಡು ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ 10 ಮೀಟರ್ ಏರ್ ಪಿಸ್ತೂಲ್ ಕಲಿಯುವ ಮಕ್ಕಳ ತಂದೆತಾಯಿಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಏಳುತ್ತಿದೆ. ಲಕ್ಷಗಟ್ಟಲೆ ಕೊಟ್ಟು ಹೊರದೇಶದ ಪಿಸ್ತೂಲ್ ತರಿಸಿದ್ದಾಯಿತು, ಮಗುವಿನ ಸ್ಕೋರು 600ಕ್ಕೆ 540ರ ಆಸುಪಾಸಿನಲ್ಲಿ ನಿಂತಿದೆ. ಆಗ ಯಾರಾದರೊಬ್ಬರು ‘ಗನ್ನಿಗೆ ಕೆಲಸ ಮಾಡಿಸಿ’ ಎನ್ನುತ್ತಾರೆ. ಟ್ರಿಗರ್ ಪಾಲಿಶ್, ಬ್ಯಾರೆಲ್ ಟ್ಯೂನಿಂಗ್, ಕೈ ಅಳತೆಯ ಗ್ರಿಪ್ (ಹಿಡಿ) ಎಂದು ಪಟ್ಟಿ ಬೆಳೆಯುತ್ತದೆ. ಇದರಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬುದನ್ನು ಪೋಷಕರೇ ಲೆಕ್ಕ ಹಾಕಿ ತಿಳಿಯಬಹುದು. ಅದಕ್ಕಾಗಿಯೇ ಈ ಪತ್ರ.

ಟಾರ್ಗೆಟ್‌ನಲ್ಲಿ 10ರ ವೃತ್ತದ ಅಡ್ಡಳತೆ 11.5 ಮಿ.ಮೀ. ಪೆಲೆಟ್ ಎಂಬ ಸೀಸದ ಗುಂಡು 4.5 ಮಿ.ಮೀ. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಹತ್ತೇ. ಅಂದರೆ ನಡುಬಿಂದುವಿನಿಂದ 8 ಮಿ.ಮೀ. ದೂರ ಬಿದ್ದರೂ ಹತ್ತು ಉಳಿಯುತ್ತದೆ. ಸ್ಟೇಯರ್, ವಾಲ್ಥರ್, ಮೊರಿನಿ, ಪಾರ್ದಿನಿ, ಫೈನ್‌ವೆರ್ಕ್‌ಬಾವ್ ಈ ಕಂಪನಿಗಳ ಯಾವ ಮ್ಯಾಚ್ ಪಿಸ್ತೂಲನ್ನೇ ವೈಸಿಗೆ (ಮೇಜಿಗೆ ಕೂರಿಸಿದ, ವಸ್ತುವನ್ನು ಅಲುಗದಂತೆ ಹಿಡಿಯುವ ಸಾಧನಕ್ಕೆ) ಬಿಗಿದು ಹೊಡೆದರೂ, ಸುಸ್ಥಿತಿಯಲ್ಲಿದ್ದರೆ, ಐದು ಗುಂಡು ಹತ್ತರೊಳಗೆ ಒಂದೇ ತೂತಿನಂತೆ ಬೀಳುತ್ತವೆ. ಇನ್ನು ಕೈಯ ಕಡೆ ನೋಡಿ. ಗುರಿ ಹಿಡಿಯಲು ಬಳಸುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ 330 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಫ್ರಂಟ್ ಸೈಟ್ ರಿಯರ್ ಸೈಟಿನ ಕಚ್ಚಿನಲ್ಲಿ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ಆಚೆ ಅದು 15 ಮಿ.ಮೀ. ಆಗುತ್ತದೆ. ಕಾಲು ಮಿ.ಮೀ. ಸರಿದರೆ ಹೊಡೆತ ಹತ್ತರ ಅಂಚಿಗೆ ಬರುತ್ತದೆ. ಸ್ಕೋರು ಸೋರಿಹೋಗುವುದು ಈ ಕಾಲು ಮಿ.ಮೀ.ನಲ್ಲಿ. ಇದನ್ನು ಬ್ಯಾರೆಲ್ ಕೆಲಸ ಸರಿಮಾಡದು. ಕೈಗೂ ಪಿಸ್ತೂಲಿಗೂ ಇರುವ ನಂಟು, ಅಂದರೆ ಗ್ರಿಪ್, ಬಹುಮಟ್ಟಿಗೆ ಸರಿಮಾಡುತ್ತದೆ.

ಆದ್ದರಿಂದ ಯಾರಿಗೂ ಮುಂಗಡ ಕೊಡುವ ಮೊದಲು ವೈಸ್ ಪರೀಕ್ಷೆ ಮಾಡಿಸಿ. ಗ್ರಿಪ್ ಬಿಚ್ಚಿ, ವೈಸಿನ ದವಡೆಗೆ ದಪ್ಪ ಚರ್ಮ ಇಟ್ಟು, ಪಿಸ್ತೂಲಿನ ಫ್ರೇಮನ್ನು ಬಿಗಿಯಬೇಕು. ಬ್ಯಾರೆಲನ್ನಾಗಲಿ ಗಾಳಿಯ ಸಿಲಿಂಡರನ್ನಾಗಲಿ ಎಂದೂ ಬಿಗಿಯಬಾರದು. ಐದೈದು ಹೊಡೆತದ ಐದು ಗುಂಪು ಸಾಕು. ಎಲ್ಲವೂ ಹತ್ತರೊಳಗೆ ಅಡಗಿದರೆ ಬ್ಯಾರೆಲ್ ಮಾತನ್ನು ಅಲ್ಲಿಗೇ ಬಿಡಿ. ಚದುರಿದರೂ ಕಾರಣ ಸಾಮಾನ್ಯವಾಗಿ ಅಗ್ಗದ್ದೇ: ಸಡಿಲವಾದ ಸ್ಕ್ರೂ, ಬ್ಯಾರೆಲ್‌ನಲ್ಲಿ ಕೂತ ಸೀಸ, ಹೊಂದದ ಪೆಲೆಟ್, ಸವೆದ ಓ-ರಿಂಗ್. ಫೆಲ್ಟ್ ಹಾಕಿ ಬ್ಯಾರೆಲ್ ಒರೆಸಿ, ಬೇರೆ ಡಬ್ಬಿಯ ಪೆಲೆಟ್ ಹಾಕಿ ಮತ್ತೊಮ್ಮೆ ನೋಡಿದ ಮೇಲೆಯೇ ಸರ್ವಿಸಿಗೆ ಕೊಡಿ. ಹಳೆಯ ಪಿಸ್ತೂಲ್ ಕೊಳ್ಳುವವರು ಸಿಲಿಂಡರ್ ಮೇಲೆ ಕೆತ್ತಿರುವ ತಯಾರಿಕೆಯ ದಿನಾಂಕವನ್ನೂ ನೋಡಬೇಕು. 200 ಬಾರ್ ಒತ್ತಡ ಹೊರುವ ಈ ಸಿಲಿಂಡರ್‌ಗಳಿಗೆ ತಯಾರಕರು ಕೊಡುವ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅವಧಿ ಮೀರಿದ ಸಿಲಿಂಡರ್ ಇಟ್ಟುಕೊಂಡು ಪಿಸ್ತೂಲಿನ ಅಂದಚಂದಕ್ಕೆ ಹಣ ಸುರಿಯುವುದು ಅಪಾಯಕರ.

ಟ್ರಿಗರ್ ಪಾಲಿಶ್ ವಿಷಯದಲ್ಲಿ ನನ್ನದು ಕಡ್ಡಿ ಮುರಿದಂಥ ಮಾತು: ಬೇಡ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು, ಅಂದರೆ ಅಷ್ಟು ತೂಕ ತೂಗುಹಾಕಿದರೂ ಗುಂಡು ಹಾರಬಾರದು ಎಂಬುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮ. ಅಷ್ಟಕ್ಕೆ ಹೊಂದಿಸಲು ಬೇಕಾದ ಸ್ಕ್ರೂಗಳೆಲ್ಲ ಕಾರ್ಖಾನೆಯಿಂದಲೇ ಬಂದಿರುತ್ತವೆ. ಟ್ರಿಗರ್ ಎಳೆತದ ಮೊದಲ ಹಂತದ ಭಾರ, ಎರಡನೇ ಹಂತದ ಭಾರ, ಎಳೆತದ ಉದ್ದ, ಹೊಡೆದ ಮೇಲೆ ಟ್ರಿಗರ್ ನಿಲ್ಲುವ ಜಾಗ ಎಲ್ಲಕ್ಕೂ ಒಂದೊಂದು ಸ್ಕ್ರೂ. ಕೈಪಿಡಿ ನೋಡಿಕೊಂಡು ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತು ತಿರುಗಿಸಿ, ಎಷ್ಟು ತಿರುಗಿಸಿದಿರಿ ಎಂದು ಬರೆದಿಡಿ. ಮೊದಲ ಹಂತಕ್ಕೆ 350ರಿಂದ 400 ಗ್ರಾಂ, ಉಳಿದದ್ದು ಎರಡನೆಯದಕ್ಕೆ, ಒಟ್ಟು 510ರಿಂದ 520 ಎಂದು ಇಟ್ಟುಕೊಂಡರೆ ತಪಾಸಣೆಯ ಮೇಜಿನ ಮುಂದೆ ಎದೆ ಹೊಡೆದುಕೊಳ್ಳುವುದಿಲ್ಲ. ಪಾಲಿಶ್ ಎಂದು ಸಿಯರ್, ಅಂದರೆ ಟ್ರಿಗರ್ ಎಳೆಯುವವರೆಗೆ ಹೊಡೆತವನ್ನು ತಡೆದಿಡುವ ಕೊಂಡಿ, ಉಜ್ಜಿಸಿದರೆ ಏನಾಗುತ್ತದೆ? ಅಲ್ಲಿ ಒಂದಕ್ಕೊಂದು ಕಚ್ಚುವ ಎರಡು ತುಣುಕುಗಳ ಮೇಲ್ಮೈಯಷ್ಟೇ ಸಾಮಾನ್ಯವಾಗಿ ಗಟ್ಟಿ ಮಾಡಿದ ಉಕ್ಕು. ಎಣ್ಣೆಕಲ್ಲಿನಿಂದ ಅದನ್ನು ದಾಟಿ ಉಜ್ಜಿದರೆ ಒಳಗಿನ ಮೆದು ಲೋಹ ಮೇಲೆ ಬರುತ್ತದೆ. ಮೊದಮೊದಲು ಟ್ರಿಗರ್ ಬೆಣ್ಣೆಯಂತೆ ಅನಿಸುತ್ತದೆ. ಸ್ವಲ್ಪ ಕಾಲಕ್ಕೆ ಅಂಚು ಸವೆದು ಕಚ್ಚುವಿಕೆ ಕಡಿಮೆಯಾಗಿ, ಕಾಕ್ ಮಾಡುವಾಗಲೇ (ಹೊಡೆತಕ್ಕೆ ಅಣಿಗೊಳಿಸುವಾಗಲೇ), ಇಲ್ಲವೇ ಮೇಜಿಗೆ ತಟ್ಟಿದಾಗ, ಗುಂಡು ಹಾರುವ ಸ್ಥಿತಿಗೆ ಬರುತ್ತದೆ. ಆಮೇಲೆ ಇಡೀ ಟ್ರಿಗರ್ ಯೂನಿಟ್ಟೇ ಹೊಸದು ತರಿಸಬೇಕು. ಎಲೆಕ್ಟ್ರಾನಿಕ್ ಟ್ರಿಗರ್‌ಗಂತೂ ಸ್ಥಳೀಯವಾಗಿ ಕೈ ಹಾಕಿಸಲೇಬೇಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್ ಕೈಕೊಟ್ಟು ಮನು ಭಾಕರ್ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು, 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಹಣ ಇದ್ದರೆ ಬಿಡಿಭಾಗಕ್ಕೆ, ಕಾಲಕಾಲದ ಸರ್ವಿಸಿಗೆ ಇಡಿ.

ಗ್ರಿಪ್ ಕೆಲಸಕ್ಕೆ ಮಾತ್ರ ಕೊಟ್ಟ ಹಣ ಸಾರ್ಥಕ, ಅದೂ ಕೈ ಬೆಳೆಯುವುದು ನಿಂತ ಮೇಲೆ. ಹದಿಮೂರು ವರ್ಷದ ಹುಡುಗಿಗೆ ಮಾಡಿಸಿದ ಅಕ್ರೋಟ್ ಮರದ ಗ್ರಿಪ್ ಎರಡು ವರ್ಷಕ್ಕೆ ಬಿಗಿಯಾಗುತ್ತದೆ. ಅಲ್ಲಿಯವರೆಗೆ ಕಂಪನಿಯ ಚಿಕ್ಕ ಅಳತೆಯ ಗ್ರಿಪ್ಪನ್ನೇ ಮನೆಯಲ್ಲಿ ತಿದ್ದಬಹುದು. ಖಾಲಿ ಪಿಸ್ತೂಲನ್ನು ಗೋಡೆಯ ಕಡೆ ಹಿಡಿದು, ಕಣ್ಣು ಮುಚ್ಚಿ ಕೈ ಎತ್ತಿ, ನಿಲುಗಡೆಗೆ ಬಂದ ಮೇಲೆ ಕಣ್ಣು ಬಿಡಲಿ. ಹತ್ತು ಸಲದಲ್ಲಿ ಏಳೆಂಟು ಸಲವಾದರೂ ಫ್ರಂಟ್ ಸೈಟ್ ಕಚ್ಚಿನ ನಡುವೆಯೇ ಕಂಡರೆ ಗ್ರಿಪ್ ಮುಟ್ಟುವ ಅಗತ್ಯವಿಲ್ಲ. ಪ್ರತಿಸಲ ಒಂದೇ ಪಕ್ಕಕ್ಕೆ ವಾಲಿದರೆ ಮೊದಲು ಗ್ರಿಪ್‌ನ ಕೋನ ಬದಲಿಸುವ ಸ್ಕ್ರೂ ಇದೆಯೇ ನೋಡಿ. ಇಲ್ಲದಿದ್ದರೆ ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದು ಹಿಡಿಸಿ. ಪುಡಿ ಅಂಟಿ ಒತ್ತಿಕೊಂಡ ಜಾಗ ಉಬ್ಬು, ಅಂಟದ ಜಾಗ ಹಳ್ಳ. ಉಬ್ಬನ್ನು ದುಂಡನೆಯ ಅರದಿಂದ ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ. ಹಳ್ಳಕ್ಕೆ ಎಂ-ಸೀಲ್ ತುಂಬಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಹೊಡೆಯುವ ನಿಲುವಿನಲ್ಲೇ ಒಂದೆರಡು ನಿಮಿಷ ಹಿಡಿಸಿ. ಗಟ್ಟಿಯಾದ ಮೇಲೆ 80, ಆಮೇಲೆ 120ರ ಉಪ್ಪುಕಾಗದದಿಂದ ಉಜ್ಜಿ. ವಾರ್ನಿಷ್ ಹಚ್ಚಬೇಡಿ, ಬೆವರಿಗೆ ಜಾರುತ್ತದೆ. ಟ್ರಿಗರ್ ಎಳೆಯುವ ಬೆರಳಿಗೂ ಮರಕ್ಕೂ ನಡುವೆ ಒಂದು ಹಾಳೆ ಸಲೀಸಾಗಿ ನುಸುಳಬೇಕು. ಬೆರಳು ಮರಕ್ಕೆ ತಾಗಿದರೆ ಪ್ರತಿ ಎಳೆತಕ್ಕೂ ಮೂತಿ ಪಕ್ಕಕ್ಕೆ ಹೋಗುತ್ತದೆ.

ಕೈ ಬೆಳೆದು ನಿಂತವರು, ವರ್ಷವಿಡೀ ಹೊಡೆಯುವವರು ಕೈ ಅಳತೆಯ ಗ್ರಿಪ್ ಮಾಡಿಸಲಿ. ಆದರೆ ಕಂಪನಿಯ ಗ್ರಿಪ್ಪನ್ನು ಕೊರೆಸದೆ ಎತ್ತಿಡಲಿ, ಮಾರುವಾಗ ಬೇಕಾಗುತ್ತದೆ. ಕೆಲಸದವರಿಗೆ ಮೂರು ಸಂಗತಿ ಮೊದಲೇ ಹೇಳಬೇಕು: ಗ್ರಿಪ್ ಹಾಕಿದ ಪಿಸ್ತೂಲ್ 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಅಂಗೈ ಕೆಳಗಿನ ಆಸರೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿರಬಾರದು. ಮಣಿಕಟ್ಟು ಬಿಡುವಾಗಿ ಕಾಣಬೇಕು. ಅಂಗೈ ತುಂಬಲೆಂದು ಉಬ್ಬು ದಪ್ಪ ಮಾಡಿ 50 ಮಿ.ಮೀ. ಮೀರಿಸಿದರೆ ಆ ಗ್ರಿಪ್ ತಪಾಸಣೆಯಲ್ಲೇ ಬಿದ್ದುಹೋಗುತ್ತದೆ. ಒಟ್ಟು ತೂಕವೂ 1500 ಗ್ರಾಂ ದಾಟಬಾರದು.

ಬೆಲೆ ಹೆಚ್ಚೋ ಕಡಿಮೆಯೋ ಎಂದು ಅಳೆಯಲು ಒಂದು ಸರಳ ಮಾಪಕವಿದೆ. ದಿನಕ್ಕೆ ನೂರು ಗುಂಡಿನಂತೆ ವಾರಕ್ಕೆ ಐದು ದಿನ ಹೊಡೆದರೆ ತಿಂಗಳಿಗೆ ಸುಮಾರು ಎರಡು ಸಾವಿರ ಪೆಲೆಟ್, ಅಂದರೆ 500ರ ನಾಲ್ಕು ಡಬ್ಬಿ. ಹೇಳಿದ ಕೂಲಿಯಲ್ಲಿ ಎಷ್ಟು ತಿಂಗಳ ಡಬ್ಬಿ, ಎಷ್ಟು ತಿಂಗಳ ರೇಂಜ್ ಶುಲ್ಕ ಬರುತ್ತದೆ ಎಂದು ಎಣಿಸಿ. 540ರ ಮಗುವಿಗೆ ಆರು ತಿಂಗಳ ಪೆಲೆಟ್ ಕೊಡುವ ಲಾಭವನ್ನು ಯಾವ ಕುಶಲಕರ್ಮಿಯೂ ಕೊಡಲಾರ. 570ರಲ್ಲಿ ಸಿಕ್ಕಿಕೊಂಡವರಿಗೆ ಒಳ್ಳೆಯ ಗ್ರಿಪ್ ಮೂರ್ನಾಲ್ಕು ಅಂಕ ತಂದುಕೊಟ್ಟರೂ ಅದು ದೊಡ್ಡದು.

ಇನ್ನೊಂದು ಮಾತು ಆಡಳಿತದವರಿಗೆ. ಮದ್ದುಗುಂಡಿನ ಪಾಯಿಂಟ್ 22 ಪಿಸ್ತೂಲ್ ರಿಪೇರಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಹೊಡೆತದ ಶಕ್ತಿ 20 ಜೌಲ್ ಮೀರದ 4.5 ಮಿ.ಮೀ. ಏರ್ ಪಿಸ್ತೂಲ್ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಹೀಗಾಗಿ ಲೇತ್ ಇದ್ದವರೆಲ್ಲ ಅದನ್ನು ಬಿಚ್ಚುತ್ತಿದ್ದಾರೆ, ಮಾಡಿದ ಕೆಲಸಕ್ಕೆ ಚೀಟಿಯನ್ನೂ ಕೊಡುವುದಿಲ್ಲ. ರಾಜ್ಯದ ಪ್ರತಿಯೊಂದು ಶೂಟಿಂಗ್ ರೇಂಜಿನಲ್ಲೂ 500 ಗ್ರಾಂ ತೂಕದ ಬಟ್ಟು, ಅಳತೆಯ ಪೆಟ್ಟಿಗೆ ಮತ್ತು ಒಂದು ವೈಸ್ ಇಟ್ಟು, ಶುಲ್ಕ ಕಟ್ಟಿದ ಯಾರೇ ಕೇಳಿದರೂ ಪರೀಕ್ಷಿಸಿಕೊಡುವ ವ್ಯವಸ್ಥೆಯನ್ನು ರಾಜ್ಯದ ಶೂಟಿಂಗ್ ಸಂಸ್ಥೆ ಮಾಡಬೇಕು. ಬದಲಿಸಿದ ಭಾಗ, ತಿರುಗಿಸಿದ ಸ್ಕ್ರೂ, ಕೊನೆಗೆ ನಿಂತ ಟ್ರಿಗರ್ ತೂಕ ಇಷ್ಟನ್ನು ಬರೆದುಕೊಡದ ಯಾರಿಗೂ ಪೋಷಕರು ಹಣ ಕೊಡಬಾರದು.

– ಏರ್ ಪಿಸ್ತೂಲ್ ತರಬೇತುದಾರರೊಬ್ಬರು, ಮೈಸೂರು